ಗುಂಡಿಯಕ್ಕನ ಎರಡು ವಾಕ್ಯ

ಜೂನ್ 11

ಪ್ರೀತಿಯ ಅತ್ತಿಗೆಗೆ,

ಫೋನಿನಲ್ಲಿ ಹೇಳಿದ್ದು ಅರ್ಧ ಗಾಳಿಗೆ ಹೋಗುತ್ತದೆ, ಬರೆದು ಕಳಿಸು ಎಂದಿದ್ದಿರಲ್ಲ. ಇಗೋ, ಬರೆಯುತ್ತಿದ್ದೇನೆ.

ಸಂಜೆಯ ಇಂಗ್ಲಿಷ್ ಪಾಠಕ್ಕೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ ಸಿಕ್ಕಿದೆ. ಬರುವವರು ಹನ್ನೆರಡು ಜನ, ಎಲ್ಲರೂ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೆಂಗಸರು. ಮಂಗಳವಾರ, ಶುಕ್ರವಾರ ಶಿಫ್ಟ್ ಮುಗಿಸಿ ನೇರವಾಗಿ ಬರುತ್ತಾರೆ. ಮೊದಲ ತಿಂಗಳು ನಾನು ಎಲ್ಲರಂತೆ ಬೋರ್ಡಿನ ಮೇಲೆ ಕಾಲಗಳ ಪಟ್ಟಿ ಬರೆದೆ, ಅವರು ಕೂತಲ್ಲೇ ತೂಕಡಿಸಿದರು. ಇಡೀ ದಿನ ಮೆಷೀನಿನ ಮುಂದೆ ಕೂತವರನ್ನು ತಂದು ಬೋರ್ಡಿನ ಮುಂದೆ ಕೂರಿಸಿದರೆ ಇನ್ನೇನಾಗುತ್ತದೆ?

ಹೋದ ಶುಕ್ರವಾರ ಬೋರ್ಡು ಒರೆಸಿ, ಒಬ್ಬೊಬ್ಬರ ಎದೆಗೂ ಒಂದೊಂದು ಪದದ ಚೀಟಿ ಪಿನ್ನು ಮಾಡಿ ಸಾಲಾಗಿ ನಿಲ್ಲಿಸಿದೆ. ಒಬ್ಬಳು 'ಶೀ', ಒಬ್ಬಳು 'ವರ್ಕ್', ಒಬ್ಬಳು 'ಹಿಯರ್'. 'ವರ್ಕ್' ಆದವಳ ಕೈಯಲ್ಲಿ 'ಎಸ್' ಎಂಬ ಅಕ್ಷರದ ಬೇರೆ ಚೀಟಿ. ಇಸ್ತ್ರಿ ವಿಭಾಗದ ದಪ್ಪ ಹೆಂಗಸು 'ಡಸ್'. ಈಗ ಪ್ರಶ್ನೆ ಮಾಡಿ ಎಂದೆ. 'ಡಸ್' ಬಂದು ಮುಂದೆ ನಿಲ್ಲಬೇಕು, ನಿಂತವಳು 'ವರ್ಕ್'ನ ಕೈಯಿಂದ ಆ 'ಎಸ್' ಕಿತ್ತುಕೊಳ್ಳಬೇಕು, ಅದೇ ಆಟ.

"ಕೊಡೇ ಇಲ್ಲಿ, ಇನ್ನು ಇದು ನಂದು!" ಅಂತ ಇಸ್ತ್ರಿಯವಳು.

"ಕಿತ್ಕೋ ನೋಡೋಣ!" ಅಂತ ಇನ್ನೊಬ್ಬಳು.

ಆ ಎಳೆದಾಟಕ್ಕೆ ಬೆಂಚು ಉರುಳಿತು. ಸೈಕಲ್ ಅಂಗಡಿಯವನು ಯಾರೋ ಹೊಡೆದಾಡುತ್ತಿದ್ದಾರೆ ಎಂದು ನಟ್ಟು ಬಿಗಿಯುವ ಪಾನಾ ಹಿಡಿದು ಮೇಲೆ ಓಡಿ ಬಂದ! ಆಮೇಲಿನಿಂದ ಒಬ್ಬಳೂ 'ಡಸ್ ಶೀ ವರ್ಕ್ಸ್' ಎಂದಿಲ್ಲ.

'ಎಸ್' ಬಿಡದೆ ಜಗ್ಗಾಡಿದವಳನ್ನು ಎಲ್ಲರೂ ಗುಂಡಿಯಕ್ಕ ಅನ್ನುತ್ತಾರೆ. ಅಂಗಿಗೆ ಗುಂಡಿ ಹೊಲಿಯುವ ಕೆಲಸ. "ಗುಂಡಿ ಹಾಕೋಳು ಟೀಚರೇ ನಾನು, ಗುಂಡೀಲಿ ಬೀಳೋಳಲ್ಲ" ಎಂದು ಮೊದಲ ದಿನವೇ ಹೇಳಿದ್ದಳು.

ಅಣ್ಣನಿಗೆ ಕೇಳಿದೆ ಎಂದು ತಿಳಿಸಿ.

ನಿಮ್ಮ ನಾದಿನಿ


ಜೂನ್ 20

ಮುದ್ದು ಪುಟ್ಟಿ,

ನಿನ್ನ ಕಾಗದವನ್ನು ನಿನ್ನ ಅಣ್ಣನಿಗೆ ಎರಡು ಸಲ ಓದಿ ಹೇಳಿದೆ. ಪಾನಾ ಹಿಡಿದವನ ಕಥೆಗೆ ನಕ್ಕೂ ನಕ್ಕೂ ಕೆಮ್ಮು ಬಂತು ಅವರಿಗೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ ನಿನಗೆ ಎಬಿಸಿಡಿ ಹೇಳಿಕೊಟ್ಟವಳು ನಾನು, ಈಗ ನೀನು ನನಗೆ ಹೇಳಿಕೊಡುವಷ್ಟಾದೆ.

ಇನ್ನೂ ಬರೆ. ಒಂದನ್ನೂ ಬಿಡಬೇಡ. ಅವರು ಆಡಿದ ವಾಕ್ಯಗಳನ್ನು ತಪ್ಪಿದ್ದರೂ ತಿದ್ದದೆ ಹಾಗೇ ಬರೆ. ಈ ಪಠ್ಯಪುಸ್ತಕ ಕಚೇರಿಯಲ್ಲಿ ಕೂತು ಕೂತು ನನಗೆ ನಿಜವಾದ ತರಗತಿಯ ವಾಸನೆಯೇ ಮರೆತುಹೋಗಿದೆ.

ನಿನ್ನ ಅತ್ತಿಗೆ


ಜುಲೈ 14

ಪ್ರೀತಿಯ ಅತ್ತಿಗೆಗೆ,

ಈ ವಾರ 'ನೆವರ್' ಪಾಠ. ಇಲ್ಲಿಯವರೆಗೆ ಒಮ್ಮೆಯೂ ಮಾಡದ್ದನ್ನು ಹೇಳುವ ಬಗೆ. ಪುಸ್ತಕದ ಉದಾಹರಣೆ, 'ನಾನು ಎಂದೂ ಆನೆಯ ಮೇಲೆ ಕೂತಿಲ್ಲ'. ಯಾರಿಗೆ ಬೇಕು ಆನೆ? ನಿಮ್ಮದೇ ಬದುಕಿನಿಂದ ಎರಡು ವಾಕ್ಯ ಬರೆಯಿರಿ, ಹೆಸರು ಹಾಕಬೇಡಿ, ಬಿಸ್ಕತ್ತಿನ ಡಬ್ಬಿಗೆ ಹಾಕಿ, ಒಬ್ಬರ ಚೀಟಿ ಇನ್ನೊಬ್ಬರು ಓದಿ ಯಾರದೆಂದು ಪತ್ತೆ ಮಾಡಿ, ಪಾಠ ಮುಗಿದ ಮೇಲೆ ನಾನೇ ಎಲ್ಲವನ್ನೂ ಹರಿದುಹಾಕುತ್ತೇನೆ ಎಂದೆ.

ಏನು ಬರೆದರು ಗೊತ್ತೆ! 'ನಾನು ಹೊಲಿದ ಅಂಗಿಯನ್ನು ಯಾರ ಮೈಮೇಲೂ ಎಂದೂ ನೋಡಿಲ್ಲ' ಎಂದು ಒಬ್ಬಳು. 'ನಾನು ಎಂದೂ ನನಗಾಗಿ ಬಾಗಿಲು ಹಾಕಿಕೊಂಡಿಲ್ಲ' ಎಂದು ಇನ್ನೊಬ್ಬಳು. ಕೊನೆಯಲ್ಲಿ ಇಸ್ತ್ರಿಯವಳ ಕೈಗೆ ಬಂದ ಚೀಟಿ ಹೀಗಿತ್ತು: 'ಐ ಹ್ಯಾವ್ ನೆವರ್ ಟೋಲ್ಡ್ ಮೈ ಹಸ್ಬೆಂಡ್ ಅಬೌಟ್ ದಿಸ್ ಕ್ಲಾಸ್. ಹೀ ಥಿಂಕ್ಸ್ ಐ ಡೂ ಓವರ್‌ಟೈಮ್.' ಒಂದು ತಪ್ಪಿಲ್ಲ ಅತ್ತಿಗೆ. 'ಥಿಂಕ್ಸ್'ನ ಎಸ್ ಕೂಡ ಇತ್ತು.

ಆಗ ಗುಂಡಿಯಕ್ಕ ತಾನೇ ಕೈ ಎತ್ತಿದಳು. "ನಂದೇ ಕಣ್ರೇ. ಈ ಮಾತು ಈ ಕೋಣೆ ದಾಟಬಾರ್ದು" ಎಂದಳು. ಎಲ್ಲರೂ ಹೂಂ ಎಂದರು. ನಾನೂ ಎಂದೆ. ಅವರ ಕಣ್ಣೆದುರೇ ಎಲ್ಲ ಚೀಟಿಗಳನ್ನು ಹರಿದೆ. ನೀವು ಕೋಣೆಯ ಒಳಗಿನವರೇ ಎಂದುಕೊಂಡು ನಿಮಗೊಬ್ಬರಿಗೆ ಬರೆಯುತ್ತಿದ್ದೇನೆ.

ನಿಮ್ಮ ನಾದಿನಿ


ಜುಲೈ 24

ಪುಟ್ಟಿ,

ಅವಸರದಲ್ಲಿ ಎರಡು ಸಾಲು. ಆ ಗುಂಡಿಯಕ್ಕನ ವಾಕ್ಯ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಯಾಕೆ ಬಚ್ಚಿಟ್ಟಿದ್ದಾಳೆ? ಗಂಡ ಏನು ಕೆಲಸ? ವಿವರವಾಗಿ ಬರೆ. ಕಚೇರಿಯಲ್ಲಿ ಕೆಲಸ ತಲೆಯ ಮೇಲೆ ಕೂತಿದೆ.

ಅತ್ತಿಗೆ


ಆಗಸ್ಟ್ 3

ಪ್ರೀತಿಯ ಅತ್ತಿಗೆಗೆ,

ನೀವು ಅವಳ ಬಗ್ಗೆ ಇಷ್ಟು ಅಕ್ಕರೆಯಿಂದ ಕೇಳಿದ್ದು ನೋಡಿ ಖುಷಿಯಾಯಿತು.

ಗಂಡ ಬೇಕರಿಯ ಬ್ರೆಡ್ ವ್ಯಾನ್ ಓಡಿಸುತ್ತಾನೆ. ಕೆಟ್ಟವನಲ್ಲ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲೇ ಮೂರು ಸಲ ಫೇಲಾಗಿ ಓದು ಬಿಟ್ಟವನು. ಮಗಳು ಆರನೆಯ ತರಗತಿ. ಅವಳ ಇಂಗ್ಲಿಷ್ ಪುಸ್ತಕ ತೆರೆದರೂ ಅವನು ಎದ್ದು ಹೊರಗೆ ಹೋಗುತ್ತಾನಂತೆ. "ಅವರಿಗೆ ಬರದೇ ಇದ್ದಿದ್ದು ನನಗೆ ಬಂತು ಅಂದ್ರೆ ನೋವಾಗಲ್ವಾ ಟೀಚರೇ? ಪಾಸಾದ ಮೇಲೆ ನಾನೇ ಮೆಲ್ಲಗೆ ಹೇಳ್ತೀನಿ" ಎನ್ನುತ್ತಾಳೆ. ಮಾರ್ಚ್ ಎರಡಕ್ಕೆ ಫ್ಯಾಕ್ಟರಿಯಲ್ಲಿ ಲೈನ್ ಸೂಪರ್‌ವೈಸರ್ ಹುದ್ದೆಗೆ ಪರೀಕ್ಷೆ. ಆರ್ಡರ್ ಶೀಟ್ ಓದಲು ಬರಬೇಕು. ಹದಿನಾಲ್ಕು ವರ್ಷ ಗುಂಡಿ ಹೊಲಿದವಳಿಗೆ ಇದೊಂದೇ ಮೆಟ್ಟಿಲು.

ಐದೂವರೆಗೆ ಸರಿಯಾಗಿ ಅವನ ವ್ಯಾನು ನಮ್ಮ ಕಿಟಕಿಯ ಕೆಳಗೇ ಹೋಗುತ್ತದೆ. ಹಾರ್ನ್ ಕೇಳಿದ ಕೂಡಲೇ ಅವಳು ತಲೆ ಬಗ್ಗಿಸುತ್ತಾಳೆ. ಜೊತೆಗೆ ಉಳಿದ ಹನ್ನೊಂದು ಜನವೂ ಬಗ್ಗುತ್ತಾರೆ. ನಾನೂ ಬಗ್ಗುತ್ತೇನೆ!

ನಿಮ್ಮ ನಾದಿನಿ


ಡಿಸೆಂಬರ್ 5

ಅತ್ತಿಗೆಗೆ,

ನಾಲ್ಕು ತಿಂಗಳು ನಿಮ್ಮಿಂದ ಒಂದು ಸಾಲಿಲ್ಲ. ನಾನು ಬರೆದ ಮೂರು ಕಾಗದಕ್ಕೆ ಉತ್ತರವಿಲ್ಲ. ಕೆಲಸದ ಒತ್ತಡ ಎಂದುಕೊಂಡಿದ್ದೆ. ನಿನ್ನೆ ಕಾರಣ ತಿಳಿಯಿತು.

ಸಂಜೆ ಪಾಠ ಮಾಡುವವರೂ ಇಂಗ್ಲಿಷ್ ಶಿಕ್ಷಕರ ತರಬೇತಿಗೆ ಬರಬೇಕೆಂದು ಆದೇಶ ಬಂದಿತ್ತು, ಹೋದೆ. ತರಬೇತಿ ಕೊಡಲು ಬಂದ ಯುವಕ ಐದು ಜನರ ಎದೆಗೆ ಚೀಟಿ ಅಂಟಿಸಿ ಸಾಲಾಗಿ ನಿಲ್ಲಿಸಿದ. ನನಗೆ ಬಂದದ್ದು 'ಡಸ್'. ನಾನು ರೂಢಿಯಂತೆ ಪಕ್ಕದವರ ಕೈಯಿಂದ 'ಎಸ್' ಕಿತ್ತುಕೊಂಡೆ.

"ಮೇಡಂ, ಮೇಡಂ! ಹಾಗಲ್ಲ" ಎಂದ ಅವನು. "ಕಿತ್ಕೋಬಾರ್ದು, ನಯವಾಗಿ ಕೇಳಿ ಪಡೀಬೇಕು. ಪುಸ್ತಕ ಓದಿಲ್ವಾ ನೀವು? ನೋಡಿ, ಎಲ್ರೂ ನೋಡಿ, ಈ ಮೇಡಂ ಮಾಡಿದ ತಪ್ಪನ್ನ ನೀವು ಮಾಡ್ಬೇಡಿ."

ಅರವತ್ತು ಜನ ನಕ್ಕರು. ನನ್ನ ಆಟವನ್ನು ನನಗೇ ತಪ್ಪೆಂದು ತೋರಿಸಿ ನಕ್ಕರು. ಅವನು ಎತ್ತಿ ತೋರಿಸಿದ ಅಭ್ಯಾಸ ಪುಸ್ತಕದ ಮುಖಪುಟದ ಮೇಲೆ ನಿಮ್ಮ ಹೆಸರಿತ್ತು.

ಕೈಗೆ ಸಿಕ್ಕ ಹತ್ತು ನಿಮಿಷದಲ್ಲಿ ಮೊದಲ ಅಧ್ಯಾಯ ತಿರುವಿದೆ. ಒಂದೊಂದೂ ನನ್ನ ಕಾಗದದ್ದು. ಪಾನಾ ಹಿಡಿದವನು ಮಾತ್ರ ಇಲ್ಲ, ಅವನನ್ನು ತೆಗೆದಿದ್ದೀರಿ. ನಗು ಬರುವುದನ್ನೆಲ್ಲ ತೆಗೆದಿದ್ದೀರಿ. ನಾನು ಕೇಳುವುದು ಒಂದೇ. ಯಾಕೆ ಹೇಳಲಿಲ್ಲ?

ನಾದಿನಿ


ಡಿಸೆಂಬರ್ 12

ಪುಟ್ಟಿ,

ಇಷ್ಟಕ್ಕೆ ಇಷ್ಟು ಸಿಟ್ಟೆ? ಅಚ್ಚಾಗಿ ಬಂದ ಮೇಲೆ ಒಂದು ಪ್ರತಿ ಕಳಿಸಿ ಅಚ್ಚರಿಪಡಿಸೋಣ ಎಂದಿದ್ದೆ. ಕಚೇರಿಯ ಪುಸ್ತಕದಲ್ಲಿ ಹೊರಗಿನವರ ಹೆಸರು ಹಾಕುವ ಪದ್ಧತಿ ಇಲ್ಲ. ಮುನ್ನುಡಿಯಲ್ಲಿ 'ಹಲವು ಶಿಕ್ಷಕರಿಗೆ ಕೃತಜ್ಞತೆ' ಎಂದು ಬರೆದಿದ್ದೇನೆ, ಆ ಹಲವರಲ್ಲಿ ನೀನೇ ಮೊದಲಿಗಳು. ನಾಲ್ಕಾರು ಆಟಗಳು ಸಾವಿರಾರು ಮಕ್ಕಳಿಗೆ ತಲುಪಿದವು ಎಂದು ಸಂತೋಷಪಡಬೇಡವೆ? ನಿನಗೆ ಮೊದಲ ಅಕ್ಷರ ಕಲಿಸುವಾಗ ನಾನು ಹೆಸರು ಬರೆಸಿಕೊಂಡಿದ್ದೆನೆ?

ನಿನ್ನ ಅಣ್ಣನಿಗೆ ಇದೆಲ್ಲ ಹೇಳಿಲ್ಲ. ನೀನೂ ಹೇಳಬೇಡ, ಸುಮ್ಮನೆ ಬೇಜಾರು.

ಅತ್ತಿಗೆ


ಜನವರಿ 8

ಅಭ್ಯಾಸ ಪುಸ್ತಕದ ಸಂಪಾದಕರಿಗೆ,

ಅತ್ತಿಗೆ ಎಂದು ಬರೆಯಲು ಕೈ ಬರುತ್ತಿಲ್ಲ.

ನಲವತ್ತಮೂರನೆಯ ಪುಟ ತೆಗೆಯಿರಿ. ತೆಗೆದು ಜೋರಾಗಿ ಓದಿ. ನಿಮ್ಮ ಮನೆಯ ನಡುಕೋಣೆಯಲ್ಲಿ ಕೂತು, ನನ್ನ ಅಣ್ಣನ ಎದುರು ಓದಿ. ಗುಂಡಿಯಕ್ಕನ ಮನೆಯಲ್ಲಿ ಅದನ್ನು ಓದಿದ್ದು ಅವಳ ಮಗಳು. ಶಾಲೆಯಲ್ಲಿ ಕೊಟ್ಟ ಹೊಸ ಪುಸ್ತಕ. ಪಕ್ಕದ ಮನೆಯಲ್ಲೇ ಇರುವ ಇಸ್ತ್ರಿಯವಳು ಎಲ್ಲ ಕೇಳಿಸಿಕೊಂಡು ಬಂದು ನನಗೆ ಹೇಳಿದಳು.

"ಅಪ್ಪಾ, ಕೇಳು, ತಮಾಷೆಯಾಗಿದೆ" ಎಂದು ಆ ಹುಡುಗಿ ಓದಿದಳಂತೆ. ಎದ್ದು ಹೊರಗೆ ಹೋಗುತ್ತಿದ್ದ ಅಪ್ಪನ ಕೈ ಹಿಡಿದು ಕೂರಿಸಿ, ಒಂದೊಂದೇ ವಾಕ್ಯಕ್ಕೆ ಅರ್ಥ ಹೇಳಿದಳಂತೆ. "ನಾನು ಫ್ಯಾಕ್ಟರೀಲಿ ಗುಂಡಿ ಹೊಲೀತೀನಿ. ಈ ಕ್ಲಾಸಿನ ವಿಷಯ ಗಂಡನಿಗೆ ಯಾವತ್ತೂ ಹೇಳಿಲ್ಲ. ಮಂಗಳವಾರ, ಶುಕ್ರವಾರ ನಂಗೆ ಓವರ್‌ಟೈಮ್ ಅಂದ್ಕೊಂಡಿದಾನೆ. ಅವನ ಬ್ರೆಡ್ ವ್ಯಾನ್ ನಮ್ಮ ಕಿಟಕಿ ಕೆಳಗೆ ಹೋಗುತ್ತೆ, ನಾನು ತಲೆ ಬಗ್ಗಿಸ್ತೀನಿ." ಆಮೇಲೆ ಒಲೆಯ ಮುಂದಿದ್ದ ತಾಯಿಯ ಕಡೆ ತಿರುಗಿ, "ಅಮ್ಮಾ, ಇವಳು ನಿನ್ನ ಥರಾನೇ ಅಲ್ವಾ?" ಎಂದಳಂತೆ.

ಗುಂಡಿ ಬಿಡಲಿಲ್ಲ, ವಾರ ಬಿಡಲಿಲ್ಲ, ವ್ಯಾನು ಬಿಡಲಿಲ್ಲ. ಪಾನಾ ಹಿಡಿದವನನ್ನು ತೆಗೆಯಲು ಗೊತ್ತಿದ್ದ ನಿಮಗೆ ಬ್ರೆಡ್ ವ್ಯಾನನ್ನು ತೆಗೆಯಲು ಗೊತ್ತಾಗಲಿಲ್ಲವೆ? ಕೆಳಗೆ ಬೇರೆ 'ಇದೇ ರೀತಿ ನೀವೂ ಐದು ವಾಕ್ಯ ಬರೆಯಿರಿ' ಎಂದು ಹಾಕಿದ್ದೀರಿ!

ಮುಂದಿನ ಶುಕ್ರವಾರ ಅವಳು ಬರಲಿಲ್ಲ. ಅವನು ಬಂದ. ಬಾಗಿಲಲ್ಲೇ ನಿಂತ. ಕೂಗಾಡುತ್ತಾನೆ ಎಂದುಕೊಂಡೆ, ಕೂಗಾಡಲಿಲ್ಲ.

"ಓದಿದ್ದಕ್ಕೆ ಸಿಟ್ಟಿಲ್ಲ ಮೇಡಂ. ನಂಗೆ ಹೇಳಿಲ್ಲ ಅನ್ನೋದನ್ನ ನಾನು ಅವಳು ಮಾತಾಡ್ಕೋತೀವಿ. ಆದ್ರೆ ವ್ಯಾನ್ ಡಿಪೋದಲ್ಲಿ ನನ್ನ ಏನಂತ ಕರೀತಾರೆ ಗೊತ್ತಾ? ಓವರ್‌ಟೈಮ್. ಅವರ ಮಕ್ಕಳ ಕೈಲೂ ಅದೇ ಪುಸ್ತಕ. ನನ್ನ ಮನೆ ಮಾತನ್ನ ಕಂಡೋರ ಮಕ್ಕಳಿಗೆಲ್ಲ ಪಾಠ ಮಾಡೋಕೆ ನೀವ್ಯಾರು?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಹಲವು ಶಿಕ್ಷಕರಿಗೆ ಕೃತಜ್ಞತೆ ಎಂದೆ?

ಮರುದಿನ ಫ್ಯಾಕ್ಟರಿಯ ಗೇಟಿನ ಹತ್ತಿರ ಅವಳಿಗಾಗಿ ಕಾದು ನಿಂತೆ. ನನ್ನನ್ನು ನೋಡಿ ದಾರಿ ಬದಲಿಸಿದಳು. ಹಿಂದೆ ಓಡಿದೆ. ಆಗ ತಿರುಗಿ ನಿಂತು ಕೇಳಿದಳು, "ಚೀಟಿ ಹರಿದು ಹಾಕಿದ್ರಿ, ಈ ಕಣ್ಣಲ್ಲೇ ನೋಡ್ದೆ. ಮತ್ತೆ ಆ ಪುಸ್ತಕಕ್ಕೆ ಹೇಗೆ ಹೋಯ್ತು? ಕಾಲು ಬಂತಾ ಅದಕ್ಕೆ?"

ಉತ್ತರ ಬರೆಯಿರಿ. ನನಗಲ್ಲ, ಅವಳಿಗೆ.


ಜನವರಿ 11

(ಕಚೇರಿಯ ಕಾಗದದ ಮೇಲೆ, ಟೈಪ್ ಮಾಡಿದ್ದು)

ಮಾನ್ಯರೆ,

ದಿನಾಂಕ 8ರ ಪತ್ರ ತಲುಪಿರುತ್ತದೆ. ಅಭ್ಯಾಸ ಪುಸ್ತಕದ ಪುಟ 43ರಲ್ಲಿ ಕೆಲವು ಉದಾಹರಣೆಗಳು ಅಚಾತುರ್ಯದಿಂದ ಸೇರ್ಪಡೆಯಾಗಿರುವುದು ಗಮನಕ್ಕೆ ಬಂದಿದೆ. ಸಂಬಂಧಪಟ್ಟವರಿಗೆ ಅನಾನುಕೂಲ ಉಂಟಾಗಿದ್ದಲ್ಲಿ ವಿಷಾದಿಸಲಾಗಿದೆ. ಮುಂದಿನ ಮುದ್ರಣದಲ್ಲಿ ಸೂಕ್ತವಾಗಿ ಪರಿಶೀಲಿಸಲಾಗುವುದು.

(ಕೆಳಗೆ ಪೆನ್ನಿನಲ್ಲಿ) ಪುಟ್ಟಿ, ಇದಕ್ಕಿಂತ ಹೆಚ್ಚು ಬರೆದರೆ ನನ್ನ ಕೆಲಸಕ್ಕೇ ಕುತ್ತು. ಒಂದು ಮಾತು ಕೇಳಲೇಬೇಕು. ಆ ವಾಕ್ಯಗಳನ್ನು ನನಗೆ ಬರೆದು ಕಳಿಸಿದವಳು ಯಾರು?


ಜನವರಿ 19

ಅತ್ತಿಗೆಗೆ,

ಸೇರ್ಪಡೆಯಾಗಿದೆ. ಗಮನಕ್ಕೆ ಬಂದಿದೆ. ಉಂಟಾಗಿದೆ. ವಿಷಾದಿಸಲಾಗಿದೆ. ನಿಮ್ಮ ಟೈಪಾದ ಕಾಗದದಲ್ಲಿ ಒಬ್ಬ ಮನುಷ್ಯ ಇಲ್ಲ! ಯಾರು ಸೇರಿಸಿದರು? ಯಾರ ಗಮನಕ್ಕೆ ಬಂತು? ಯಾರು ವಿಷಾದಿಸಿದರು, ನಿಮ್ಮ ಕಚೇರಿಯ ಜವಾನನೆ? ಕರ್ಮಣಿ ಪ್ರಯೋಗದಲ್ಲಿ ಮಾಡಿದವನ ಹೆಸರು ಬಿಟ್ಟರೂ ವಾಕ್ಯ ನಿಲ್ಲುತ್ತದೆ ಎಂದು ನನಗೆ ಕಲಿಸಿದವರು ನೀವು. ಅದು ಇಷ್ಟು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ ಎಂದು ಮಾತ್ರ ಕಲಿಸಿರಲಿಲ್ಲ. ಆ ಕಾಗದವನ್ನು ಮಂಗಳವಾರ ತರಗತಿಗೆ ಒಯ್ದೆ. ಒಂದೊಂದು ವಾಕ್ಯಕ್ಕೂ ಯಾರು ಎಂದು ಹುಡುಕಿ ಎಂದೆ. ಹನ್ನೊಂದು ಜನ ಹುಡುಕಿದರು, ಸಿಗಲಿಲ್ಲ. "ಇದು ದೆವ್ವ ಬರೆದಿರೋ ಕಾಗ್ದ ಟೀಚರೇ" ಎಂದಳು ಇಸ್ತ್ರಿಯವಳು.

ಇನ್ನು ನಿಮ್ಮ ಪೆನ್ನಿನ ಪ್ರಶ್ನೆ. ಬರೆದು ಕಳಿಸಿದವಳು ನಾನು. ಕೋಣೆ ದಾಟಬಾರದು ಎಂದು ಅವಳು ಹೇಳಿದ ವಾರದೊಳಗೆ ಕೋಣೆ ದಾಟಿಸಿದವಳು ನಾನು. ಹರಿಯುವ ಮುನ್ನ ಅವಳ ಚೀಟಿಯನ್ನು ಮಾತ್ರ ಬಾಯಿಪಾಠ ಮಾಡಿಕೊಂಡೆ. ನಿಮ್ಮಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕಿತ್ತು, ಅದಕ್ಕೆ. ಅಷ್ಟೇ. ಇದನ್ನು ತರಗತಿಯಲ್ಲಿ ಎದ್ದು ನಿಂತು ಹೇಳಿದ್ದೇನೆ. ಇಬ್ಬರು ಅಂದಿನಿಂದ ಬರುತ್ತಿಲ್ಲ. ಗುಂಡಿಯಕ್ಕನ ಮನೆಗೂ ಹೋಗಿ ಹೇಳಿದೆ. ಅವಳು ಬಾಗಿಲನ್ನು ಅರ್ಧ ತೆರೆದು ಕೇಳಿಸಿಕೊಂಡು, ಪೂರ್ತಿ ಮುಚ್ಚಿದಳು.

ನನ್ನ ಪಾಲಿನದು ಹೇಳಿಯಾಯಿತು. ನಿಮ್ಮದು ಉಳಿದಿದೆ. 'ನಾನು' ಎಂದು ಶುರುವಾಗುವ ಒಂದು ವಾಕ್ಯ ನಿಮಗೆ ಬರುತ್ತದೆಯೇ ಇಲ್ಲವೇ ನೋಡೋಣ.

ಅಣ್ಣನಿಗೆ ನಾನೇ ಎಲ್ಲ ಹೇಳಿದ್ದೇನೆ.


ಫೆಬ್ರವರಿ 3

ಪುಟ್ಟಿ,

ನಾನು ಹೋಗಿದ್ದೆ. ನಿನಗೆ ಹೇಳಲಿಲ್ಲ, ಹೇಳಿದ್ದರೆ ನೀನು ಜೊತೆಗೆ ಬರುತ್ತಿದ್ದೆ, ನಿನ್ನ ಹಿಂದೆ ನಿಂತು ತಪ್ಪಿಸಿಕೊಳ್ಳುತ್ತಿದ್ದೆ. ಭಾನುವಾರ ಬಸ್ಸಿನಲ್ಲಿ ಬಂದು ಫ್ಯಾಕ್ಟರಿಯ ಹತ್ತಿರ ಕೇಳಿಕೊಂಡು ಅವಳ ಮನೆ ಹುಡುಕಿದೆ.

"ಪುಸ್ತಕ ಬರೆದೋರಾ?" ಎಂದಳು. "ನಾನೇ" ಎಂದೆ. "ನಿಮ್ಮ ಮಾತನ್ನ ನಾನು ಕದ್ದೆ. ನಿಮ್ಮನ್ನ ಕೇಳ್ಬೇಕು ಅಂತ ನನಗೆ ಹೊಳೀಲೂ ಇಲ್ಲ."

ಅವಳು ಅಳಲಿಲ್ಲ, ಬೈಯಲಿಲ್ಲ. "ಕ್ಷಮೆ ಗಿಮೆ ನನ್ನ ಹತ್ರ ಇಲ್ಲ. ಪರೀಕ್ಷೆಗೆ ನಾಲ್ಕು ವಾರ ಇದೆ. ನಿಮ್ಮಿಂದ ಒಂಬತ್ತು ಪಾಠ ತಪ್ಪಿದೆ. ಕೂತ್ಕೊಳ್ಳಿ" ಎಂದಳು.

ನೆಲದ ಮೇಲೆ ಕೂತೆ. ಆರ್ಡರ್ ಶೀಟ್ ಮುಂದಿಟ್ಟಳು. ಎರಡನೆಯ ಸಾಲಿನಲ್ಲೇ ಸಿಕ್ಕಿಕೊಂಡೆ. 'ಶ್ಯಾಂಕ್ ಬಟನ್' ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. "ಮೇಲೆ ತೂತು ಕಾಣಲ್ಲ, ಅಡಿಯಲ್ಲಿ ಕೊಂಡಿ ಇರುತ್ತೆ" ಎಂದು ಅವಳೇ ಹೇಳಿಕೊಟ್ಟಳು. 'ಮಸ್ಟ್ ಬೀ', 'ಶುಡ್ ನಾಟ್ ಬೀ' ನಾನು ಹೇಳಿಕೊಟ್ಟೆ. ಮಗಳು ಕದದ ಸಂದಿಯಿಂದ ನೋಡುತ್ತಿದ್ದಳು. ಗಂಡ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದ.

"ಅವಳು ಓದ್ಲಿ. ಆ ಪುಟಕ್ಕೇನು ಮಾಡ್ತೀರಿ?" ಎಂದ.

ಎಲ್ಲ ಶಾಲೆಗಳಿಗೂ ಆ ಪುಟದ ಮೇಲೆ ಬೇರೆ ಕಾಗದ ಅಂಟಿಸಲು ಸುತ್ತೋಲೆ ಕಳಿಸಿದ್ದೇನೆ, ತಪ್ಪು ನನ್ನದೆಂದು ನನ್ನ ಹೆಸರಿನಲ್ಲೇ ಬರೆದಿದ್ದೇನೆ ಎಂದೆ.

"ಅಂಟಿಸಿದ್ರೆ ಮಕ್ಕಳು ಕಿತ್ತು ನೋಡಲ್ವಾ?" ಎಂದ.

ನಾನು ಮತ್ತೆ ಆರ್ಡರ್ ಶೀಟಿನ ಮೇಲೆ ಬಗ್ಗಿದೆ.

ಪರೀಕ್ಷೆಯವರೆಗೆ ಪ್ರತಿ ಭಾನುವಾರ ಹೋಗುತ್ತೇನೆ. ಈವರೆಗೆ ನಿನ್ನಿಂದ ಮುಚ್ಚಿಟ್ಟದ್ದನ್ನೂ ಬರೆದುಬಿಡುತ್ತೇನೆ. ಹನ್ನೊಂದು ವರ್ಷದಿಂದ ನಾನು ಒಂದು ತರಗತಿಯಲ್ಲೂ ನಿಂತಿಲ್ಲ. ನಾನು ಬರೆದ ಕರಡನ್ನು ಎರಡು ಸಲ 'ಇದರಲ್ಲಿ ಜೀವವೇ ಇಲ್ಲ' ಎಂದು ವಾಪಸು ಕಳಿಸಿದ್ದರು. ಆ ವಾರವೇ ನಿನ್ನ ಮೊದಲ ಕಾಗದ ಬಂದದ್ದು. ಸುತ್ತೋಲೆಯ ನಂತರ ನನ್ನನ್ನು ಪುಸ್ತಕ ವಿಭಾಗದಿಂದ ದಾಸ್ತಾನು ಕೋಣೆಗೆ ಹಾಕಿದ್ದಾರೆ. ನಿನ್ನ ಅಣ್ಣ ಊಟಕ್ಕೆ ಕೂತಾಗ ಉಪ್ಪು ಬೇಕೆಂದು ಮಾತ್ರ ಮಾತಾಡುತ್ತಾರೆ.

ಅತ್ತಿಗೆ


ಮಾರ್ಚ್ 16

ಅತ್ತಿಗೆಗೆ,

ಫಲಿತಾಂಶ ಬಂತು. ನೀವು ನಾಲ್ಕು ಭಾನುವಾರ ಬಸ್ಸು ಹತ್ತಿ ಬಂದದ್ದಕ್ಕೆ ನಾನೇ ತಿಳಿಸಬೇಕು ಎನ್ನಿಸಿತು. ಸಿಟ್ಟು ಇಳಿದು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ.

ಗುಂಡಿಯಕ್ಕನಿಗೆ ನಾಲ್ಕು ಅಂಕದಲ್ಲಿ ಹುದ್ದೆ ತಪ್ಪಿತು.

ಆರ್ಡರ್ ಶೀಟಿನ ಭಾಗದಲ್ಲಿ ಅವಳಿಗೆ ಬಂದಷ್ಟು ಯಾರಿಗೂ ಬಂದಿಲ್ಲ, ಇಡೀ ಫ್ಯಾಕ್ಟರಿಗೆ ಹೆಚ್ಚು. ವ್ಯಾಕರಣದಲ್ಲಿ ಒಂದು ತಪ್ಪು. ಕೊನೆಯ ಪ್ರಶ್ನೆ ಹತ್ತು ಅಂಕದ್ದು. 'ನಿಮ್ಮ ಬಗ್ಗೆ ಐದು ವಾಕ್ಯ ಬರೆಯಿರಿ.' ಆ ಜಾಗ ಖಾಲಿ. ಪೆನ್ನು ತಾಗಿಸಿದ ಒಂದು ಚುಕ್ಕೆಯೂ ಇಲ್ಲ. ಆ ಸೂಪರ್‌ವೈಸರ್ ಕುರ್ಚಿಯಲ್ಲಿ ಈಗ ಅವಳಿಗಿಂತ ಆರು ವರ್ಷ ಚಿಕ್ಕವಳೊಬ್ಬಳು ಕೂತಿದ್ದಾಳೆ. 'ನಾನು ಒಳ್ಳೆಯ ಹೆಂಗಸು, ನನಗೆ ಹೂವೆಂದರೆ ಇಷ್ಟ' ಎಂದು ಬರೆದವಳು.

ನಿನ್ನೆ ಶುಕ್ರವಾರ ಗುಂಡಿಯಕ್ಕ ತರಗತಿಗೆ ಬಂದಳು. ಡಿಸೆಂಬರಿನಿಂದ ಮೊದಲ ಸಲ. ಗಂಡನೇ ವ್ಯಾನಿನಲ್ಲಿ ತಂದು ಇಳಿಸಿ ಹೋದ. ಎಲ್ಲರೂ ಸುತ್ತುವರಿದರು. ನಾನು ದೂರ ನಿಂತಿದ್ದೆ. ಅವಳೇ ಹತ್ತಿರ ಬಂದಳು.

"ಗೊತ್ತಿತ್ತಲ್ಲ ನಿಮಗೆ," ಎಂದೆ. ನನ್ನ ದನಿ ಏರಿತು, ಯಾರ ಮೇಲೆ ಏರಿತೋ ತಿಳಿಯದು. "ಐದು ವಾಕ್ಯ. ನಿದ್ದೆಯಲ್ಲೂ ಬರೀತಿದ್ರಿ. ಯಾಕೆ ಬಿಟ್ರಿ?"

"ಬರಲ್ಲ ಅಂತ ಬಿಡ್ಲಿಲ್ಲ," ಎಂದಳು. "ಯಾರು ಓದ್ತಾರೋ, ಎಲ್ಲಿ ಹಾಕ್ತಾರೋ. ಕೈ ಏಳ್ಲಿಲ್ಲ."

ನಾಲ್ಕು ಅಂಕ ಅತ್ತಿಗೆ. ಎರಡು ನಿಮ್ಮವು, ಎರಡು ನನ್ನವು. ಇದನ್ನು ಯಾವ ಸುತ್ತೋಲೆ ಅಂಟಿಸಿ ಮುಚ್ಚುತ್ತೀರಿ? ನಾನಾದರೂ ಏನು ಮಾಡಲಿ? ಬೋರ್ಡಿನ ಕಡೆ ತಿರುಗಿ ನಿಂತೆ, ಮುಖ ತೋರಿಸಲಾಗದೆ.

ಹಿಂದಿನಿಂದ ಅವಳು ಬೆಂಚು ಎಳೆದುಕೊಂಡು ಕೂತ ಸದ್ದಾಯಿತು.

"ಮುಂದಿನ ವರ್ಷ ಮತ್ತೆ ಪರೀಕ್ಷೆ ಇಡ್ತಾರಂತೆ. ಬರೀತೀನಿ ಟೀಚರೇ," ಎಂದಳು. "ಐದಕ್ಕೆ ಐದೂ ಸುಳ್ಳು ಬರೀತೀನಿ. ವ್ಯಾಕರಣ ಸರಿ ಇದ್ರೆ ಸಾಕಲ್ವಾ?"

ಸಾಕು ಎಂದೆ. ಸುಳ್ಳುಗಳ ಅಭ್ಯಾಸ ಅಂದೇ ಶುರು ಮಾಡಿದೆವು. ಏನೇನು ಬರೆದಳು ಎಂದು ನಿಮಗೆ ಹೇಳುವುದಿಲ್ಲ.

ನಾದಿನಿ